ಇಪ್ಪತ್ತಮೂರು ಮೀಟರುಗಳನ್ನು ಕೆಡಿಸಿದ ಸುಮಲತಾ

ಬೇಲೆಕೇರಿಯ ಸುಮಲತಾ ಹರಿಕಂತ್ರ ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದ ಕೆಲಸ ಯಾವುದೆಂದು ಅವಳ ಕೇರಿಯವರಿಗೆ ಸರಿಯಾಗಿ ತಿಳಿದಿರಲಿಲ್ಲ. ಮೀಟರ್ ನೋಡುವ ಕೆಲಸ ಎಂದು ಯಾರೋ ಹೇಳಿದ್ದರಿಂದ, ಕರೆಂಟು ಹೋದಾಗಲೆಲ್ಲ ನಾಲ್ಕಾರು ಜನ ಅವಳ ಅಂಗಳಕ್ಕೆ ಬಂದು ಯಾವಾಗ ಬರುತ್ತದೆಂದು ಕೇಳುತ್ತಿದ್ದರು. ಮೊದಮೊದಲು ಅವಳು ತನ್ನದು ಬೇರೆ ಮೀಟರ್ ಎಂದು ವಿವರಿಸುತ್ತಿದ್ದಳು. ಆಮೇಲಾಮೇಲೆ "ಅರ್ಧ ತಾಸಿಗೆ ಬತ್ತದೆ" ಎಂದು ಹೇಳಿ ಕಳಿಸುವುದು ಸುಲಭವೆಂದು ಕಂಡುಕೊಂಡಳು. ಹೆಚ್ಚಿನ ಸಲ ಅರ್ಧ ತಾಸಿಗೆ ಬಂದೂ ಬಿಡುತ್ತಿತ್ತು.

ಅವಳು ನೋಡುತ್ತಿದ್ದದ್ದು ಗಾಳಿಯ ತೇವ ಅಳೆಯುವ ಮೀಟರುಗಳನ್ನು. ಗಾಳಿ ಹಿಡಿದುಕೊಳ್ಳಬಲ್ಲಷ್ಟು ನೀರಿನ ಆವಿಯಲ್ಲಿ ನೂರಕ್ಕೆ ಎಷ್ಟು ಪಾಲು ಈಗ ಅದರೊಳಗಿದೆ ಎಂಬುದನ್ನು ಆ ಮೀಟರ್ ತೋರಿಸುತ್ತದೆ. ಅದಕ್ಕೆ ಐ.ಟಿ.ಐ. ಪುಸ್ತಕದಲ್ಲಿ ಸಾಪೇಕ್ಷ ಆರ್ದ್ರತೆ ಎಂಬ ಹೆಸರಿತ್ತು. ಗಿರಾಕಿಗಳು ಹ್ಯುಮಿಡಿಟಿ ಎನ್ನುತ್ತಿದ್ದರು. ಅವಳ ಅತ್ತೆ ನಾಗು ಥಂಡಿ ಎನ್ನುತ್ತಿದ್ದಳು. ಕಾರವಾರ, ಅಂಕೋಲೆಯ ಕಡೆ ಮಳೆಗಾಲದಲ್ಲಿ ಆ ಅಂಕೆ ತೊಂಬತ್ತರ ಮೇಲೆಯೇ ಇರುವುದರಿಂದ, ಒಣಗಿರಬೇಕಾದ ಯಾವುದನ್ನೇ ಇಟ್ಟುಕೊಂಡವರಿಗೂ ಮೀಟರ್ ಬೇಕಾಗುತ್ತಿತ್ತು. ಔಷಧಿ ಗೋದಾಮು, ಗೋಡಂಬಿ ಕಾರ್ಖಾನೆ, ಆಸ್ಪತ್ರೆಯ ಆಪರೇಶನ್ ಕೋಣೆ, ಬಿತ್ತನೆ ಬೀಜದ ಅಂಗಡಿ ಎಲ್ಲ ಕಡೆಯೂ ಗೋಡೆಗೊಂದು ಮೀಟರ್ ತೂಗುತ್ತಿತ್ತು. ಅದು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ವರ್ಷಕ್ಕೊಮ್ಮೆ ಯಾರಾದರೂ ಬಂದು ನೋಡಬೇಕು. ಸುಮಲತಾ ಹೋಗುತ್ತಿದ್ದಳು. ನಿಜ ಹೇಳುತ್ತಿದ್ದರೆ ಹಸಿರು ಸ್ಟಿಕರ್ ಅಂಟಿಸುತ್ತಿದ್ದಳು. ಸುಳ್ಳು ಹೇಳುತ್ತಿದ್ದರೆ ತಿದ್ದಿ, ಆಮೇಲೆ ಅಂಟಿಸುತ್ತಿದ್ದಳು.

ಕಾರವಾರದ ಕಾಜುಬಾಗದಲ್ಲಿ ದತ್ತಾ ಶಿರೋಡಕರ ಎಂಬವರದ್ದು ತಕ್ಕಡಿ ರಿಪೇರಿಯ ಅಂಗಡಿ. ತಕ್ಕಡಿಗಳೆಲ್ಲ ಎಲೆಕ್ಟ್ರಾನಿಕ್ ಆದ ಮೇಲೆ ಅವರು ಬೇರೆ ಮೀಟರುಗಳಿಗೂ ಕೈಹಾಕಿದ್ದರು. ಸುಮಲತಾ ಅಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಮದುವೆಯಾಗಿ ಆರು ತಿಂಗಳಾಗಿತ್ತು. ಗಂಡ ಬಾಬು ದೋಣಿಗೆ ಹೋಗುತ್ತಿದ್ದ. ಅತ್ತೆ ಕೇರಿಯ ಹೆಂಗಸರ ಜೊತೆ ಮೀನು ಒಣಗಿಸಿ ಮಾರುತ್ತಿದ್ದಳು. ಸೊಸೆ ದಿನಾ ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ ಗಾಳಿ ಅಳೆದು ಬರುವುದರ ಬಗ್ಗೆ ನಾಗುಗೆ ವಿರೋಧವೇನೂ ಇರಲಿಲ್ಲ, ಕುತೂಹಲವೂ ಇರಲಿಲ್ಲ.

ಸುಮಲತಾಳ ಚೀಲದಲ್ಲಿ ಎರಡು ಮುಖ್ಯ ವಸ್ತುಗಳಿರುತ್ತಿದ್ದವು. ಒಂದು ಮಾಸ್ಟರ್. ಅಂಗೈಗಿಂತ ಸ್ವಲ್ಪ ದೊಡ್ಡದಾದ, ತುದಿಗೆ ಕಡ್ಡಿಯಂಥ ಸೆನ್ಸರ್ ಇದ್ದ ಒಳ್ಳೆಯ ಮೀಟರ್ ಅದು. ಉಳಿದ ಮೀಟರುಗಳನ್ನೆಲ್ಲ ಅದರ ಪಕ್ಕದಲ್ಲಿಟ್ಟು ಹೋಲಿಸುವುದು. ಅದನ್ನು ವರ್ಷಕ್ಕೊಮ್ಮೆ ಬೆಂಗಳೂರಿನ ಲ್ಯಾಬಿಗೆ ಕಳಿಸಿ ಸರ್ಟಿಫಿಕೇಟ್ ಪಡೆಯುವ ಪದ್ಧತಿಯಿತ್ತು. ಇನ್ನೊಂದು ಉಪ್ಪಿನ ಭರಣಿ. ಗಾಜಿನ ಭರಣಿಯ ತಳದಲ್ಲಿ ಉಪ್ಪಿಗೆ ಸ್ವಲ್ಪವೇ ನೀರು ಬೆರೆಸಿ, ಪೂರ್ತಿ ಕರಗದ ಹಾಗೆ ಕೆಸರಿನಂತೆ ಮಾಡಿ, ಬಿಗಿಯಾಗಿ ಮುಚ್ಚಿಟ್ಟರೆ ಒಳಗಿನ ಗಾಳಿಯ ತೇವ ಎಪ್ಪತ್ತೈದಕ್ಕೆ ಬಂದು ನಿಲ್ಲುತ್ತದೆ. ಹೊರಗೆ ಮಳೆಯಿರಲಿ ಬಿಸಿಲಿರಲಿ, ಎಪ್ಪತ್ತೈದೇ. ಮುಚ್ಚಳದ ತೂತಿನಿಂದ ಮಾಸ್ಟರಿನ ಕಡ್ಡಿಯನ್ನು ಉಪ್ಪಿಗೆ ತಾಗದಂತೆ ಇಳಿಬಿಟ್ಟು, ಕೆಲವು ತಾಸು ಕಾದು, ಎಪ್ಪತ್ತೈದು ತೋರಿಸುತ್ತದೆಯೇ ಎಂದು ಅವಳು ಪ್ರತಿ ತಿಂಗಳ ಮೊದಲ ಸೋಮವಾರ ಪರೀಕ್ಷಿಸುತ್ತಿದ್ದಳು. ಯಾವಾಗಲೂ ತೋರಿಸುತ್ತಿತ್ತು. ಹದಿನೆಂಟು ವರ್ಷ ತಪ್ಪದೆ ಪಾಸಾದವರನ್ನು ಪರೀಕ್ಷಿಸುವುದರಲ್ಲಿ ಯಾರಿಗಾದರೂ ಆಸಕ್ತಿ ಕಡಿಮೆಯಾಗುತ್ತದೆ.

ಕಳೆದ ವರ್ಷ ಫೆಬ್ರವರಿಯ ಎರಡನೇ ಶನಿವಾರ ಅಂಕೋಲೆಯ ಬಸ್ ನಿಲ್ದಾಣದಲ್ಲಿ, ಬಸ್ಸಿನಿಂದ ಇಳಿಯುವವರು ಹತ್ತುವವರನ್ನು ತಳ್ಳುವ ಗದ್ದಲದಲ್ಲಿ ಅವಳ ಚೀಲ ಕೆಳಗೆ ಬಿದ್ದು ಭರಣಿ ಒಡೆಯಿತು. ಮಾಸ್ಟರಿಗೆ ಏನೂ ಆಗಲಿಲ್ಲ. ಹೊಸ ಭರಣಿ ತರಲೇ ಎಂದು ಕೇಳಲು ದತ್ತಾ ಅವರಿಗೆ ಫೋನ್ ಮಾಡಿದಳು.

"ಸರ್ಟಿಫಿಕೇಟ್ ಡಿಸೆಂಬರ್ ತನ್ಕ ಅದೆ ಅಲ್ಲಾ," ಎಂದರು ದತ್ತಾ. "ಉಪ್ಪಿಗೆ ಎಂತಾ ಅವಸರ? ನೋಡ್ವಾ."

ಅಂದು ಸಂಜೆಯಾಗಿದ್ದರಿಂದ ಮಾಸ್ಟರನ್ನು ಕಾರವಾರದ ಅಂಗಡಿಯ ಕಪಾಟಿಗೆ ಮುಟ್ಟಿಸದೆ ಮನೆಗೇ ಒಯ್ದಳು. ಹಿಂದಿನ ಕೋಣೆಯ ಗೂಡಿನಲ್ಲಿಟ್ಟಳು. ಆ ಕೋಣೆಗೆ ಹೊಂದಿಕೊಂಡ ಚಪ್ಪರದಲ್ಲಿ ಬಾಬು ಎರಡು ದಿನಗಳಿಂದ ತನ್ನ ಫೈಬರ್ ದೋಣಿಯ ತಳಕ್ಕೆ ತೇಪೆ ಹಾಕುತ್ತಿದ್ದ. ಫೈಬರಿನ ಅಂಟಿನ ವಾಸನೆ ಮನೆ ತುಂಬ ಕಟ್ಟಿಕೊಂಡಿತ್ತು. ನಾಗು ತಲೆನೋವೆಂದು ಮಗಳ ಮನೆಗೆ ಹೋಗಿದ್ದಳು. ಮಾಸ್ಟರಿಗೆ ಹೋಗಲು ಬೇರೆ ಮನೆ ಇರಲಿಲ್ಲ.

ಸೋಮವಾರ ಕಾರವಾರದ ಒಂದು ಔಷಧಿ ಗೋದಾಮಿನಲ್ಲಿ ಮಾಸ್ಟರ್ ಐವತ್ತೆರಡು ತೋರಿಸಿತು. ಗೋಡೆಯ ಮೀಟರ್ ಐವತ್ತೆಂಟು ತೋರಿಸಿತು. ಸುಮಲತಾ ಗೋಡೆಯದನ್ನು ಆರು ಅಂಕ ಇಳಿಸಿ ಸ್ಟಿಕರ್ ಅಂಟಿಸಿದಳು. ಮರುವಾರ ಬೀಜದ ಅಂಗಡಿಯಲ್ಲಿಯೂ ಮೀಟರ್ ಆರು ಹೆಚ್ಚು ತೋರಿಸುತ್ತಿತ್ತು, ಇಳಿಸಿದಳು. ಆಸ್ಪತ್ರೆಯಲ್ಲಿಯೂ ಆರು ಹೆಚ್ಚು. ಅಮದಳ್ಳಿಯಲ್ಲಿ ತಬಲಾ ಮಾಡುವ ಪುಟ್ಟು ಮೇಸ್ತ್ರಿಯ ಕೋಣೆಯಲ್ಲೂ ಆರು. ಏಪ್ರಿಲಿನಲ್ಲಿ ಅವಳು ದತ್ತಾ ಅವರಿಗೆ ಹೇಳಿದಳು, "ದತ್ತಣ್ಣ, ಈ ವರ್ಷ ಎಲ್ಲಾ ಮೀಟರೂ ಮೇಲೆ ಹೋಗ್ಬಿಟ್ಟದೆ."

"ಸೆಕೆ ಜಾಸ್ತಿ ಅಲ್ಲಾ ಈ ಸಲ," ಎಂದರು ದತ್ತಾ.

ಮೀಟರುಗಳು ಒಂಬತ್ತು ಬೇರೆ ಬೇರೆ ಕಂಪನಿಯವು. ಕೆಲವು ಹೊಸವು, ಕೆಲವು ಹತ್ತು ವರ್ಷದ ಹಳೆಯವು. ಅವೆಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ತಪ್ಪುವುದು ಹೇಗೆ ಎಂಬ ಪ್ರಶ್ನೆ ಅವಳ ಮನಸ್ಸಿಗೆ ಒಮ್ಮೆ ಬಂದಿತ್ತು. ಬಂದದ್ದು ಬಸ್ಸಿನಲ್ಲಿ. ಅರ್ಗಾ ದಾಟುವಾಗ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಪ್ರಶ್ನೆ ಹೋಯಿತು.

ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ, ಅಂಕೋಲೆಯ ಗೋಡಂಬಿ ಕಾರ್ಖಾನೆಯೊಂದರಿಂದ ಫೋನ್ ಬಂತು. ಮಾತಾಡಿದವರು ಸ್ಟೋರ್ ನೋಡಿಕೊಳ್ಳುವ ದೇವಾನಂದ ನಾಯಕ. ಮೆತ್ತಗಿನ ಮನುಷ್ಯ. ಹೆಂಗಸರನ್ನೆಲ್ಲ ಬಾಯಿ ಎಂದು ಗೌರವದಿಂದ ಕರೆಯುವವರು, ಬೈಯುವಾಗಲೂ ಊಟ ಆಯಿತಾ ಎಂದು ಕೇಳಿಯೇ ಶುರುಮಾಡುವವರು.

"ಊಟ ಆಯ್ತಾ ಬಾಯಿ?" ಎಂದರು. "ಒಂದ್ಸಲ ಬಂದು ಹೋಗೂಕೆ ಆಗ್ತದ್ಯಾ? ಬೀಜ ಮೆತ್ತಗಾಗ್ಬಿಟ್ಟದೆ."

ಸುಮಲತಾ ಮರುದಿನವೇ ಹೋದಳು. ದೇವಾನಂದ ಒಂದು ಡಬ್ಬ ತೆರೆದು ಅವಳ ಕೈಗೆ ನಾಲ್ಕು ಗೋಡಂಬಿ ಹಾಕಿದರು. ಹಲ್ಲಿಗೆ ಕಟಕ್ಕೆನ್ನಬೇಕಾದ ಬೀಜ ಚಪ್ಪೆಯಾಗಿ, ನಿನ್ನೆಯ ಹಪ್ಪಳದಂತೆ ಮೆದುವಾಗಿತ್ತು. ಸ್ಟೋರಿನ ತೇವ ಅರವತ್ತೈದು ದಾಟಿತೆಂದು ಮೀಟರ್ ತೋರಿಸಿದರೆ ತೇವ ಹೀರುವ ಯಂತ್ರ ತಾನಾಗಿ ಚಾಲೂ ಆಗಬೇಕು. ಮಾರ್ಚಿನಲ್ಲಿ ಅವಳೇ ತಿದ್ದಿ ಹೋಗಿದ್ದ ಗೋಡೆಯ ಮೀಟರ್ ಅರವತ್ತೆರಡು ತೋರಿಸುತ್ತಿತ್ತು, ಯಂತ್ರ ಸುಮ್ಮನಿತ್ತು. ಸುಮಲತಾ ಮಾಸ್ಟರ್ ತೆಗೆದಳು. ಅರವತ್ತೆರಡು.

"ಮೀಟರ್ ಸರಿ ಅದೆ," ಎಂದಳು.

"ಮೀಟರ್ ಸರಿ, ಬೀಜ ತಪ್ಪು?" ಎಂದು ದೇವಾನಂದ ಕೇಳಿದರು. ಕೊಂಕಿನಿಂದಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು.

ಅವರು ಒಳಗೆ ಹೋಗಿ ಎರಡು ಹಳೆಯ ಗಾಜಿನ ಥರ್ಮಾಮೀಟರ್ ತಂದರು. ಒಂದರ ಬುಡಕ್ಕೆ ಮಲ್‌ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಸೀಸೆಯಲ್ಲಿ ಬಿಡಲಾಗಿತ್ತು. ಬಟ್ಟೆಯ ನೀರು ಆರುವಾಗ ಆ ಥರ್ಮಾಮೀಟರ್ ತಣ್ಣಗಾಗುತ್ತದೆ. ಗಾಳಿ ಒಣಗಿದಷ್ಟೂ ನೀರು ಬೇಗ ಆರಿ ಹೆಚ್ಚು ತಣ್ಣಗಾಗುತ್ತದೆ. ಎರಡರ ನಡುವಿನ ಅಂತರವನ್ನು ಪಟ್ಟಿಯಲ್ಲಿ ನೋಡಿದರೆ ತೇವ ಸಿಗುತ್ತದೆ. ಸುಮಲತಾ ಐ.ಟಿ.ಐ.ಯಲ್ಲಿ ಮೊದಲ ವರ್ಷ ಕಲಿತದ್ದೇ ಇದು. ಮೇಜಿನ ಫ್ಯಾನ್ ಹಾಕಿ ಹತ್ತು ನಿಮಿಷ ಕಾದರು. ಒಣಗಿದ್ದು ಇಪ್ಪತ್ತೆಂಟು ಡಿಗ್ರಿ, ಒದ್ದೆಯದು ಇಪ್ಪತ್ತಮೂರೂವರೆ. ಪಟ್ಟಿ ನೋಡಲು ಅವಳು ಮೊಬೈಲ್ ತೆಗೆದಳು. ಅರವತ್ತೆಂಟು.

ಬಟ್ಟೆ ಕೊಳಕಾಗಿರಬಹುದೆಂದು ಹೊಸ ಬಟ್ಟೆ ಸುತ್ತಿದಳು. ಅರವತ್ತೆಂಟು. ಥರ್ಮಾಮೀಟರುಗಳನ್ನು ಅದಲುಬದಲು ಮಾಡಿದಳು. ಅರವತ್ತೆಂಟು. ಅವಳಿಗೆ ಆಗ ಆ ಆರು ಅಂಕ ನೆನಪಾಯಿತು.

"ಬಾಯಿ, ಚಾ?" ಎಂದರು ದೇವಾನಂದ.

"ಬೇಡ," ಎಂದಳು. ಹತ್ತೊಂಬತ್ತು ವರ್ಷದಲ್ಲಿ ಆ ಕಾರ್ಖಾನೆಯ ಚಹಾ ಬೇಡವೆಂದದ್ದು ಅದೇ ಮೊದಲು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. ಬೇಲೆಕೇರಿಯ ಎರಡು ಬಸ್ಸು ಅವಳೆದುರೇ ಬಂದು ಹೋದವು. ಮೂರನೆಯದರ ಕಂಡಕ್ಟರ್ ಪರಿಚಯದವನಾದ್ದರಿಂದ ಇಳಿದು ಬಂದು ಕರೆದ.

ಮನೆಯಲ್ಲಿ ಅತ್ತೆಯ ಡಬ್ಬದಿಂದ ಹರಳುಪ್ಪು ತೆಗೆದು, ಉಪ್ಪಿನಕಾಯಿಯ ಭರಣಿ ತೊಳೆದು ಒಣಗಿಸಿ, ಉಪ್ಪಿನ ಕೆಸರು ಮಾಡಿ ಮಾಸ್ಟರಿನ ಕಡ್ಡಿ ಇಳಿಬಿಟ್ಟಳು. ಬೆಳಿಗ್ಗೆ ನೋಡಿದಾಗ ಅರವತ್ತೆಂಟು. ಎಪ್ಪತ್ತೈದಕ್ಕೆ ಏಳು ಕಡಿಮೆ. ಕೊನೆಯ ಆಸೆಯೊಂದು ಉಳಿದಿತ್ತು.

"ಅತ್ತೆ, ಈ ಉಪ್ಪು ಶುದ್ಧ ಇಲ್ವೇನೋ. ಬೇರೆ ಎಂತದೋ ಬೆರಕೆ ಇರ್ಬೇಕು," ಎಂದಳು.

ಮೀನು ತೊಳೆಯುತ್ತಿದ್ದ ನಾಗು ತಲೆಯೆತ್ತಿದಳು. "ನಲವತ್ತು ವರ್ಷ ಇದೇ ಉಪ್ಪಾಕಿದ್ದೆ. ಒಂದು ಮೀನು ಹುಳ ಬಿದ್ದದ್ದಿಲ್ಲ. ನಿನ್ನ ಯಂತ್ರ ತಿಂಬುದಿಲ್ಲ ಅಂತಾ?"

ಸಮುದ್ರದ ಹರಳುಪ್ಪಿನಲ್ಲಿ ಬೇರೆ ಲವಣಗಳೂ ಸ್ವಲ್ಪ ಇರುತ್ತವೆ, ಅದರಿಂದ ಅಂಕೆ ಸ್ವಲ್ಪ ಇಳಿಯುತ್ತದೆ ಎಂಬುದು ನಿಜವೇ. ಸುಮಲತಾ ಕಾರವಾರಕ್ಕೆ ಹೋಗಿ ಕಾಲೇಜುಗಳಿಗೆ ರಾಸಾಯನಿಕ ಮಾರುವ ಅಂಗಡಿಯಲ್ಲಿ ಶುದ್ಧ ಉಪ್ಪಿನ ಸೀಸೆ ಕೊಂಡು ತಂದು, ಹೊಸ ಭರಣಿ ಮಾಡಿ ಕಾದಳು. ಅರವತ್ತೊಂಬತ್ತು ಬಂತು. ಅತ್ತೆಯ ಉಪ್ಪಿನ ತಪ್ಪು ಒಂದು ಅಂಕ. ಮಾಸ್ಟರಿನ ತಪ್ಪು ಆರು.

ಬೆಂಗಳೂರಿನ ಲ್ಯಾಬಿನವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ಪೇಂಟ್, ಥಿನ್ನರ್, ಅಂಟು ಇಂಥದ್ದರ ಹತ್ತಿರ ಇಟ್ಟಿದ್ದಿರಾ ಎಂದು. ಸೆನ್ಸರಿನ ತೆಳ್ಳಗಿನ ಪದರ ಗಾಳಿಯ ತೇವ ಹೀರಿ ಬಿಡಬೇಕು, ಅದರಲ್ಲಿ ಅಂಟಿನ ಆವಿ ಹೋಗಿ ಕೂತರೆ ತೇವಕ್ಕೆ ಜಾಗ ಕಡಿಮೆಯಾಗುತ್ತದೆ ಎಂದರು. ಅವಳು ಆ ಸಂಜೆ ಗಂಡನಿಗೆ ಇದನ್ನು ಹೇಳಿದಳು.

ಬಾಬು ಬಹಳ ಹೊತ್ತು ಯೋಚಿಸಿದ. "ಆ ಯಂತ್ರಕ್ಕೆ ಮೂಗು ಅದ್ಯಾ?"

"ಇಡೀ ಯಂತ್ರವೇ ಮೂಗು."

"ಮತ್ತೆ ನಂಗೆ ಮೊದ್ಲೇ ಹೇಳೂಕೆ ಆಗ್ತಿರ್ಲಿಲ್ವಾ?"

"ನಂಗೆ ಗೊತ್ತಿತ್ತು," ಎಂದಳು ಸುಮಲತಾ. "ಪುಸ್ತಕದಲ್ಲಿ ಓದಿದ್ದೆ. ಅವತ್ತು ನೆನಪಾಗ್ಲಿಲ್ಲ." ಬಾಬು ಎದ್ದು ಚಪ್ಪರದಲ್ಲಿ ಉಳಿದಿದ್ದ ಅಂಟಿನ ಡಬ್ಬವನ್ನು ಎತ್ತಿಕೊಂಡು ಕಡಲ ದಂಡೆಯ ಕಡೆಗೆ ನಡೆದ. ಯಂತ್ರ ಕೆಟ್ಟು ನಾಲ್ಕು ತಿಂಗಳಾಗಿತ್ತು. ಆದರೂ ಅವಳಿಗೆ ಅದು ಹಿತವೆನಿಸಿತು.

ಮರುದಿನ ಅಂಗಡಿಯ ರಜಿಸ್ಟರ್ ತೆಗೆದು ಫೆಬ್ರವರಿಯಿಂದ ತಾನು ಮುಟ್ಟಿದ ಮೀಟರುಗಳನ್ನು ಎಣಿಸಿದಳು. ಇಪ್ಪತ್ತಮೂರು. ಇಪ್ಪತ್ತಮೂರೂ ಸರಿಯಾಗಿಯೇ ಇದ್ದವು, ಅವಳು ಹೋಗಿ ಒಂದೊಂದನ್ನೂ ಕೆಡಿಸಿ ಹಸಿರು ಸ್ಟಿಕರ್ ಅಂಟಿಸಿ ಬಂದಿದ್ದಳು.

ಅವಳು ಇದನ್ನು ಹೇಳಿದಾಗ ದತ್ತಾ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಬೊಬ್ಬೆ ಹೊಡ್ದವ್ರು ಎಷ್ಟು ಜನ?"

"ಒಬ್ರು. ಅವ್ರೂ ಬೊಬ್ಬೆ ಹೊಡಿಲಿಲ್ಲ."

"ಮತ್ತೆ? ಬರೂ ವರ್ಷ ಹೆಂಗೂ ಹೋಗ್ತೀ ಅಲ್ಲಾ, ಆಗ ಆರು ಏರ್ಸು. ಯಾರಿಗೆ ಗೊತ್ತಾಗ್ತದೆ?"

"ನಂಗೆ ಗೊತ್ತದೆ ದತ್ತಣ್ಣ."

ದತ್ತಾ ಕೆಟ್ಟ ಮನುಷ್ಯರಲ್ಲ. ಮೂವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವರಿಗೆ ಆರು ಅಂಕ ದೊಡ್ಡದಾಗಿ ಕಾಣುವುದಿಲ್ಲ. ಕೊನೆಗೆ, ಹೋಗುವುದಾದರೆ ಅವಳ ರಜೆಯಲ್ಲಿ ಹೋಗಬೇಕೆಂದರು. ಮಾಸ್ಟರ್ ಬೆಂಗಳೂರಿಗೆ ಹೋಯಿತು. ಸೆನ್ಸರ್ ಬದಲಾಗಿ ಮರಳಿ ಬರಲು ಹದಿನೇಳು ದಿನ ಹಿಡಿಯಿತು. ಬಂದೊಡನೆ ಅವಳು ಉಪ್ಪಿನ ಭರಣಿಯಲ್ಲಿ ನೋಡಿದಳು. ಎಪ್ಪತ್ತೈದು. ಇನ್ನೊಂದು ಸಲ ನೋಡಿದಳು. ಆಮೇಲೆ ಹೊರಟಳು.

ಮೊದಲು ಹೋದದ್ದು ದೇವಾನಂದರ ಬಳಿಗೆ. ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದಳು. ಮೆತ್ತಗಾದ ಬೀಜವನ್ನೆಲ್ಲ ಮತ್ತೊಮ್ಮೆ ಭಟ್ಟಿಗೆ ಹಾಕಿ ಒಣಗಿಸಬೇಕಾಗಿ ಬಂದಿತ್ತು. ಎಂಟು ಹೆಂಗಸರಿಗೆ ನಾಲ್ಕು ದಿನದ ಹೆಚ್ಚಿನ ಕೆಲಸ. ದೇವಾನಂದ ಆ ಎಂಟು ಜನರನ್ನೂ ಕರೆದು, "ಈ ಬಾಯಿ ಒಂದು ಮಾತು ಹೇಳೂಕೆ ಬಂದಾರೆ" ಎಂದುಬಿಟ್ಟರು. ಅವಳು ಅವರಿಗೂ ಹೇಳಿದಳು. ಹೆಂಗಸರು ಗಮನವಿಟ್ಟು ಕೇಳಿದರು. ಕೊನೆಗೆ ಒಬ್ಬಳು, "ನಮ್ಮ ಮನಿ ಕರೆಂಟ್ ಮೀಟ್ರೂ ಹಂಗೇ ಓಡ್ತದೆ, ಅದ್ನೂ ನೋಡ್ತೀರಾ?" ಎಂದು ಕೇಳಿದಳು.

ಔಷಧಿ ಗೋದಾಮಿನ ಮ್ಯಾನೇಜರ್ ಸಂದೇಶ ಅವಳನ್ನು ಬಾಗಿಲಲ್ಲೇ ತಡೆದ. ಮೊನ್ನೆಯಷ್ಟೇ ತಪಾಸಣೆ ಮುಗಿದಿತ್ತು.

"ಸ್ಟಿಕರ್ ಅದೆ ಅಲ್ಲಾ ಮೇಡಂ?"

"ಸ್ಟಿಕರ್ ಅದೆ. ಮೀಟರ್ ತಪ್ಪು."

"ಹಾಗಾದ್ರೆ ತಪ್ಪು ಅಂತ ಬರ್ದು ಕೊಡಿ."

ಅವಳು ಕೂತು ಬರೆದು, ಸಹಿ ಹಾಕಿ ಕೊಟ್ಟಳು. ಸಂದೇಶ ಓದಿದ. ಎರಡನೇ ಸಲ ಓದುವಾಗ ಅವನಿಗೆ ಆ ಕಾಗದ ತನ್ನ ಕೈಯಲ್ಲಿರುವುದೇ ಅಪಾಯವೆನಿಸಿತು. "ಇದ್ನ ನೀವೇ ಇಟ್ಕೊಳ್ಳಿ, ಮೀಟರ್ ಸರಿ ಮಾಡಿ ಹೋಗಿ," ಎಂದ. ಸರಿ ಮಾಡಿದ ಮೇಲೆ ಮೀಟರ್ ಅರವತ್ತಮೂರು ತೋರಿಸಿತು. ಅರವತ್ತು ದಾಟಬಾರದೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು.

"ನೋಡಿ, ನೀವು ಬರೂ ಮೊದ್ಲು ಐವತ್ತೇಳಿತ್ತು," ಎಂದು ಸಂದೇಶ ದೂರಿದ. ಆಮೇಲೆ ಹೋಗಿ, ತಿಂಗಳಿಂದ ಬಂದ್ ಮಾಡಿಟ್ಟಿದ್ದ ಎರಡನೇ ಎ.ಸಿ.ಯನ್ನು ಚಾಲೂ ಮಾಡಿದ.

ಆಸ್ಪತ್ರೆಯಲ್ಲಿ ಸಿಸ್ಟರ್ ಅಮಿತಾ ಒಂದೂ ಪ್ರಶ್ನೆ ಕೇಳದೆ, ಕಾಲಿಗೆ ಹಾಕಲು ಬೇರೆ ಚಪ್ಪಲಿ ಕೊಟ್ಟು ಒಳಗೆ ಬಿಟ್ಟಳು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. "ತಪ್ಪು ಗೊತ್ತಾದ ಮೇಲೆ ಬಂದು ಹೇಳ್ದವ್ರು ನಮ್ಮಲ್ಲೂ ಕಡಿಮೆ," ಎಂದಷ್ಟೇ ಹೇಳಿ ಆಕೆ ಮುಂದಿನ ರೋಗಿಯ ಹೆಸರು ಕೂಗಿದಳು. ಸುಮಲತಾ ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಳು. ಕಣ್ಣಲ್ಲಿ ನೀರು ಬಂದಿತ್ತು. ಮಳೆ ಬರುತ್ತಿದ್ದುದರಿಂದ ಒರೆಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಅಮದಳ್ಳಿಯ ಪುಟ್ಟು ಮೇಸ್ತ್ರಿ, ತನ್ನ ಕೋಣೆ ತೀರ ಒಣಗಿದೆ ಎಂಬ ಮೀಟರಿನ ಮಾತು ನಂಬಿ, ತಬಲಾದ ಚರ್ಮ ಬಿರಿದೀತೆಂದು ಹೆದರಿ, ನಾಲ್ಕು ತಿಂಗಳಿಂದ ಕೋಣೆಯಲ್ಲಿ ಬಕೆಟ್ ತುಂಬ ನೀರಿಟ್ಟುಕೊಂಡಿದ್ದ. ತಬಲಾದ ದನಿ ಯಾಕೆ ಇಳಿಯುತ್ತಿದೆ ಎಂದು ಅವನಿಗೆ ತಿಳಿದಿರಲಿಲ್ಲ. ತನಗೇ ವಯಸ್ಸಾಗಿ ಕಿವಿ ಮಂದವಾಯಿತೆಂದುಕೊಂಡಿದ್ದ. ಸುಮಲತಾ ಹೇಳಿದ್ದನ್ನು ಕೇಳಿದ ಮೇಲೆ ಅವನಿಗೆ ಸಿಟ್ಟು ಬರಲೇ ಇಲ್ಲ. "ಹಂಗಾದ್ರೆ ಕಿವಿ ಸರಿ ಅದೆ!" ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ. ಇಡೀ ಸುತ್ತಾಟದಲ್ಲಿ ಇಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಿಲ್ಲ.

ಹೀಗೆ ಒಂದು ತಿಂಗಳು ನಡೆಯಿತು. ಮೂವರು ಗಿರಾಕಿಗಳು ದತ್ತಾ ಅವರಿಗೆ ಫೋನ್ ಮಾಡಿ, ತಮಗೆ ಇನ್ನು ಮುಂದೆ ತಪ್ಪೇ ಮಾಡದವರು ಬೇಕೆಂದು ಹೇಳಿ ಹುಬ್ಬಳ್ಳಿಯ ಕಡೆಯವರನ್ನು ಗೊತ್ತುಮಾಡಿಕೊಂಡರು. ಬೀಜದ ಅಂಗಡಿ ಮುಚ್ಚಿಹೋಗಿತ್ತು. ಮೀಟರ್ ಎಲ್ಲಿ ಹೋಯಿತೆಂದು ಪಕ್ಕದವರಿಗೂ ಗೊತ್ತಿರಲಿಲ್ಲ. ದತ್ತಾ ಎರಡು ವಾರ ಅವಳೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೂರನೇ ವಾರ ತಾವೇ ಪೇಟೆಗೆ ಹೋಗಿ ಒಡೆಯದ ಪ್ಲಾಸ್ಟಿಕ್ಕಿನ ಎರಡು ಭರಣಿ ತಂದು ಅವಳ ಮೇಜಿನ ಮೇಲಿಟ್ಟರು. ದೇವಾನಂದ ಮಾತ್ರ ಹೊಸ ಪದ್ಧತಿ ಶುರುಮಾಡಿದರು. ಪ್ರತಿ ಸೋಮವಾರ ತಮ್ಮ ಎರಡು ಥರ್ಮಾಮೀಟರಿನ ಅಂಕೆಯನ್ನೂ ಮೀಟರಿನ ಅಂಕೆಯನ್ನೂ ಅವಳಿಗೆ ವಾಟ್ಸಾಪ್ ಮಾಡುತ್ತಿದ್ದರು. ಕೆಳಗೆ ತಪ್ಪದೆ "ಊಟ ಆಯ್ತಾ" ಎಂದಿರುತ್ತಿತ್ತು.

ಪಟ್ಟಿಯಲ್ಲಿ ಇಪ್ಪತ್ತಮೂರನೆಯದು ಬೇಲೆಕೇರಿಯಲ್ಲೇ, ಅವಳ ಮನೆಯಿಂದ ನೂರು ಹೆಜ್ಜೆಯಲ್ಲಿತ್ತು. ಒಣಮೀನು ಮಾಡುವ ಹನ್ನೊಂದು ಹೆಂಗಸರ ಸಂಘದ ಗೋದಾಮು ಅದು. ಅತ್ತೆಯೂ ಆ ಸಂಘದವಳು. ಎಲ್ಲಕ್ಕಿಂತ ಹತ್ತಿರವಿದ್ದದ್ದನ್ನು ಸುಮಲತಾ ಕೊನೆಗೆ ಉಳಿಸಿಕೊಂಡಿದ್ದಳು. ದೂರದವರ ಮುಂದೆ ಹೇಳುವುದು ಅಭ್ಯಾಸವಾದ ಮೇಲೆ ಹತ್ತಿರದವರ ಮುಂದೆ ಹೇಳುವುದು ಸುಲಭವಾದೀತೆಂದುಕೊಂಡಿದ್ದಳು. ಆಗಲಿಲ್ಲ.

ಸಂಘದ ಕಾರ್ಯದರ್ಶಿ ಪ್ರೇಕ್ಷಾ ಅಚ್ಚುಕಟ್ಟಿನ ಹೆಂಗಸು. ಸರಕಾರಿ ಯೋಜನೆಯೊಂದರ ಅಧಿಕಾರಿ ಸಂಘಕ್ಕೆ ಮೀಟರ್ ಕೊಟ್ಟಾಗ ದಿನಕ್ಕೆರಡು ಸಲ ಬರೆದಿಡಿ ಎಂದಿದ್ದರಂತೆ. ಒಂದು ದಿನವೂ ಬಿಡದೆ ಬರೆದಿದ್ದಳು. ಸುಮಲತಾ ವಿಷಯ ಹೇಳಿ, ಮೀಟರನ್ನು ಆರು ಏರಿಸಿ, ಸ್ಟಿಕರ್ ಬದಲಿಸಿದಳು. ಪ್ರೇಕ್ಷಾ ವಹಿಯ ಪುಟ ತಿರುವಿ ತಿರುವಿ ನೋಡಿದಳು. ಐದೂವರೆ ತಿಂಗಳು, ದಿನಕ್ಕೆರಡರಂತೆ.

"ಎಲ್ಲಾ ಅಳ್ಸಿ ಆರಾರು ಕೂಡ್ಸಿ ಬರೀಲಾ ಅಕ್ಕಾ? ಎರಡು ದಿನದಲ್ಲಿ ಮುಗಿಸ್ತೆ."

"ಅಳ್ಸಬೇಡ. ನೀ ಕಂಡದ್ದು ಬರ್ದಿದ್ದೆ, ಅದು ಹಂಗೇ ಇರ್ಲಿ. ಇವತ್ತಿನ ಪುಟದಲ್ಲಿ ಒಂದು ಸಾಲು ಬರ್ದ್ರೆ ಸಾಕು."

ಪ್ರೇಕ್ಷಾ ಪೆನ್ನು ತೆಗೆದು, "ಯಂತ್ರದ ದೋಷದಿಂದ" ಎಂದು ಶುರುಮಾಡಿದಳು. ಸುಮಲತಾ ಅವಳ ಕೈಯಿಂದ ಪೆನ್ನು ತೆಗೆದುಕೊಂಡಳು. ಆ ಎರಡು ಶಬ್ದಗಳ ಮೇಲೆ ಗೆರೆ ಎಳೆದು, ಫೆಬ್ರವರಿಯಿಂದ ಇಂದಿನವರೆಗಿನ ಅಂಕೆಗಳು ಆರು ಕಡಿಮೆ ಇವೆ, ತಾನು ಪರೀಕ್ಷೆ ಮಾಡದ ಮಾಸ್ಟರಿನಿಂದ ತಿದ್ದಿದ್ದೇ ಕಾರಣ ಎಂದು ಬರೆದು, ಪೂರ್ತಿ ಹೆಸರು ಹಾಕಿ ಸಹಿ ಮಾಡಿದಳು.

"ಹೆಸ್ರು ಬೇಕಿತ್ತಾ ಅಕ್ಕಾ?" ಎಂದು ಪ್ರೇಕ್ಷಾ ಮೆಲ್ಲಗೆ ಕೇಳಿದಳು.

"ಬೇಕು," ಎಂದಳು ಸುಮಲತಾ.

ಮೂಲೆಯಲ್ಲಿ ಕೂತು ಬಂಗಡೆಗಳನ್ನು ಬೇರೆ ಮಾಡುತ್ತಿದ್ದ ನಾಗುಗೆ ಓದಲು ಬರುತ್ತಿರಲಿಲ್ಲ. "ಎಂತಾ ಬರ್ದೆ?" ಎಂದು ಕೇಳಿದಳು. ಸುಮಲತಾ ಎದ್ದು ನಿಂತು, ಇಡೀ ಸಾಲನ್ನು ಗಟ್ಟಿಯಾಗಿ ಓದಿದಳು. ಹನ್ನೊಂದರಲ್ಲಿ ಏಳು ಜನ ಅಲ್ಲಿದ್ದರು.

"ಅಷ್ಟೇಯಾ?" ಎಂದಳು ನಾಗು. "ಬೇಗ ಬಾಗ್ಲು ಹಾಕು ಸುಮಾ, ಮಳಿ ಒಳಗೆ ಬತ್ತದೆ."

ಸುಮಲತಾ ಬಾಗಿಲು ಹಾಕಿ ಬಂದು, ಸೆರಗು ಸಿಕ್ಕಿಸಿಕೊಂಡು ಅವರ ಪಕ್ಕ ಮೀನು ಬೇರೆ ಮಾಡಲು ಕೂತಳು.